ಧ್ರುವಪ್ರಭೆಯ ಬಣ್ಣಗಳು

2024ರ ಮೇ 10-11ರ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಬಡಗಣ ಬಾನು ಕೆಂಪೇರಿತು. ಅಲ್ಲಿರುವ ವೀಕ್ಷಣಾಲಯವನ್ನು ನಡೆಸುವುದು ನಮ್ಮ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ. ಅದರ ಕ್ಯಾಮೆರಾಗಳಲ್ಲಿ ಆ ಬೆಳಕು ಮೂಡಿತು. ಧ್ರುವಪ್ರಭೆಯೆಂಬುದು ನಾರ್ವೆ, ಕೆನಡಾಗಳ ಸೊತ್ತೆಂದೇ ನಾವು ತಿಳಿದಿದ್ದೆವಷ್ಟೆ. ಅಲ್ಲಿ ಬಹುಮಟ್ಟಿಗೆ ಹಸುರಾಗಿ ಕಾಣುವುದು ಹಾನ್ಲೆಯಲ್ಲಿ ಕೆಂಪಾಗಿ ಕಂಡುದೇಕೆ ಎಂದು ನೀವು ಕೇಳಬಹುದು.

ಸೂರ್ಯನಿಂದ ವಿದ್ಯುತ್ಕಣಗಳ ಗಾಳಿ ಸದಾ ಬೀಸುತ್ತಿರುತ್ತದೆ. ಅದು ನೇರವಾಗಿ ಬಂದು ನಮ್ಮ ವಾಯುಮಂಡಲಕ್ಕೆ ಬಡಿಯುವುದೆಂದು ಹೇಳುವವರುಂಟು. ವಿಷಯ ಅಷ್ಟು ಸರಳವಲ್ಲ. ಭೂಮಿಯ ಕಾಂತಕ್ಷೇತ್ರ ಅದಕ್ಕೆ ಅಡ್ಡ ನಿಲ್ಲುತ್ತದೆ; ಗಾಳಿಯ ಒತ್ತಡಕ್ಕೆ ಇರುಳಿನ ಕಡೆ ಬಾಲದಂತೆ ಚಾಚಿಕೊಂಡು ಶಕ್ತಿಯನ್ನು ಕೂಡಿಡುತ್ತದೆ. ಆ ಶಕ್ತಿ ಒಮ್ಮೆಲೇ ಸಡಿಲಿದಾಗ, ಎಲೆಕ್ಟ್ರಾನುಗಳು ಕಾಂತರೇಖೆಗಳ ಗುಂಟ ಧ್ರುವಪ್ರದೇಶಗಳ ಮೇಲಣ ಗಾಳಿಗೆ ಧುಮುಕುತ್ತವೆ.

ಎಲೆಕ್ಟ್ರಾನಿನ ಪೆಟ್ಟು ತಿಂದ ಆಮ್ಲಜನಕದ ಪರಮಾಣು, ಪಡೆದ ಶಕ್ತಿಯನ್ನು ಬೆಳಕಾಗಿ ಬಿಟ್ಟುಕೊಡುತ್ತದೆ. ಹಸುರು ಬೆಳಕಿಗೆ ಒಂದು ಸೆಕೆಂಡೂ ಬೇಡ. ಕೆಂಪಿಗೆ ಮಾತ್ರ ಸುಮಾರು ಎರಡು ನಿಮಿಷ! ಪರಮಾಣುವಿನ ಲೆಕ್ಕದಲ್ಲಿ ಇದು ಯುಗವೇ ಸರಿ. 100 ಕಿಲೋಮೀಟರು ಎತ್ತರದಲ್ಲಿ ಗಾಳಿ ಬಹಳ ತೆಳು, ನಿಜ. ಆದರೂ ಅಷ್ಟು ಹೊತ್ತಿನೊಳಗೆ ಬೇರೊಂದು ಕಣ ತಾಕಿ ಆ ಶಕ್ತಿಯನ್ನು ಕಸಿದುಕೊಳ್ಳದೆ ಇರದು. ಅಲ್ಲಿ ಹಸುರಿಗಷ್ಟೇ ಅವಕಾಶ. 200 ಕಿಲೋಮೀಟರು ದಾಟಿದ ಮೇಲೆ ಪರಮಾಣುವಿಗೆ ನೆರೆಹೊರೆಯ ಕಾಟವಿಲ್ಲ, ನಿಧಾನವಾಗಿ ಕೆಂಪನ್ನು ಚೆಲ್ಲುತ್ತದೆ. ದೂರದ ದಕ್ಷಿಣದಿಂದ ನೋಡುವವರಿಗೆ ಕೆಳಗಿನ ಹಸುರು ಭೂಮಿಯ ಉಬ್ಬಿನ ಹಿಂದೆ ಮರೆಯಾಗಿ, ಮೇಲಿನ ಕೆಂಪು ಮಾತ್ರ ದಿಗಂತದಲ್ಲಿ ಇಣಿಕುತ್ತದೆ. ನಾರ್ವೆಯ ಕೆಲವು ಪ್ರಭೆಗಳ ಕೆಳಅಂಚಿನಲ್ಲಿರುವ ನಸುಗೆಂಪು ಬೇರೆ, ಅದು ಸಾರಜನಕದ್ದು.

ರೇಡಿಯೋ ಇಟ್ಟುಕೊಂಡವರಿಗೆ ಈ ನೋಟದ ಇನ್ನೊಂದು ಮುಖವೂ ತಿಳಿದಿರಬೇಕು. ಕಿರುತರಂಗಗಳನ್ನು ಹಿಂದಿರುಗಿಸುವ ಪದರವು ಇಂಥ ಕಾಂತಬಿರುಗಾಳಿಯಲ್ಲಿ ಕಲಕಿಹೋಗಿ, ದೂರದ ನಿಲಯಗಳು ಕೇಳದಂತಾಗುವುದುಂಟು. ಉದ್ದವಾದ ವಿದ್ಯುತ್ ತಂತಿಗಳಲ್ಲಿಯೂ ಬೇಡದ ಪ್ರವಾಹ ಹರಿಯುತ್ತದೆ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಹೀಗಾಗಿ, ಸುಮಾರು 60 ಲಕ್ಷ ಜನ ಒಂಬತ್ತು ಗಂಟೆಗಳ ಕಾಲ ವಿದ್ಯುತ್ತಿಲ್ಲದೆ ಕಳೆದರು. ಚಳಿ ಬೇರೆ.

2023ರ ಸೆಪ್ಟೆಂಬರ್ 2ರಂದು ಭಾರತ ಹಾರಿಸಿದ ಆದಿತ್ಯ-ಎಲ್1 ನೌಕೆ ಸೂರ್ಯನ ಕಡೆಗೆ 15 ಲಕ್ಷ ಕಿಲೋಮೀಟರು ದೂರದ ತಾಣವನ್ನು 2024ರ ಜನವರಿಯಲ್ಲಿ ಸೇರಿತು. ಸೂರ್ಯನ ಗಾಳಿಯನ್ನು ಅದು ಅಲ್ಲಿಯೇ ಅಳೆಯಬಲ್ಲದು. ಸಾಧಾರಣ ಗಾಳಿ ಆ ತಾಣವನ್ನು ದಾಟಿ ನಮ್ಮನ್ನು ಮುಟ್ಟಲು ಒಂದು ಗಂಟೆ ಹಿಡಿಯುತ್ತದೆ. ಬಿರುಸಿನದಾದರೆ ಅರ್ಧ ಗಂಟೆಯೂ ಬೇಡ.