ಬಾಲಕರ ಕೂಟಗಳೂ ಹಿರಿಯರ ಹೊಣೆಯೂ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಶ್ರೀಮತಿ ಆರ್. ಕಲ್ಯಾಣಮ್ಮನವರು 1938ರಲ್ಲಿ ಬೆಂಗಳೂರಿನಲ್ಲಿ ಮಕ್ಕಳ ಕೂಟವನ್ನು ಸ್ಥಾಪಿಸಿದರು. 1956ರಲ್ಲಿ ಬೀದರ ಜಿಲ್ಲೆಯಿಂದ ಬೇರ್ಪಟ್ಟ ಉದಗೀರ, ನಿಲಂಗಾಗಳಿಗೂ ನೆರೆಯ ಉಮರ್ಗಾಕ್ಕೂ ಅಂತಹ ಕೂಟಗಳ ಅಗತ್ಯ ಇನ್ನೂ ಹೆಚ್ಚು. ಹಾಡಿನ ವರ್ಗ, ನಾಟಕದ ತಾಲೀಮು, ಬಸವಕಲ್ಯಾಣದ ಪ್ರವಾಸ ಇವನ್ನೆಲ್ಲ ನಡೆಸುವವರು ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು. ಅವರ ಸೇವೆ ವಂದನೀಯವೇ ಸರಿ. ಆದರೆ ಸೇವೆಗೆ ಬಂದವರೆಲ್ಲರೂ ಶೀಲವಂತರೆಂದು ನಂಬಿ ಕುಳಿತರೆ ಸಾಲದು.

ಬಹುಮಟ್ಟಿಗೆ ಸ್ವಯಂಸೇವಕರನ್ನೇ ನೆಚ್ಚಿದ ಅಮೆರಿಕದ ಬಾಲಚಮೂ ಸಂಸ್ಥೆಯು 2020ರಲ್ಲಿ ದಿವಾಳಿ ಅರ್ಜಿಯನ್ನು ಸಲ್ಲಿಸಿತು. ಬಾಲ್ಯದಲ್ಲಿ ಅಲ್ಲಿ ಲೈಂಗಿಕ ಪೀಡನೆಗೆ ಒಳಗಾದೆವೆಂದು ಮುಂದೆ ಬಂದವರ ಸಂಖ್ಯೆ 82,000ವನ್ನು ಮೀರಿತು. ಶಂಕಿತರ ಕಡತಗಳನ್ನು ಆ ಸಂಸ್ಥೆ ದಶಕಗಳ ಕಾಲ ಗುಟ್ಟಾಗಿ ಇರಿಸಿಕೊಂಡಿತ್ತು.

ಆದುದರಿಂದ ಕೆಲವು ಕಟ್ಟಳೆಗಳು ಅವಶ್ಯ. ಮುಚ್ಚಿದ ಕೋಣೆಯಲ್ಲಿ ಒಬ್ಬ ಹಿರಿಯನೂ ಒಂದು ಮಗುವೂ ಮಾತ್ರವೇ ಇರಕೂಡದು. ತಾಲೀಮಿಗೆ ಇಬ್ಬರು ಹಿರಿಯರಿರಲಿ. ಬಾಲಕಿಯರಿದ್ದಲ್ಲಿ ಅವರಲ್ಲೊಬ್ಬರು ಮಹಿಳೆಯಾಗಿರಲಿ. ಪ್ರವಾಸದಲ್ಲಿ ಮಕ್ಕಳಿಗೆ ಬೇರೆ ಕೋಣೆಯಿರಲಿ. ಹೊಸ ಸ್ವಯಂಸೇವಕನ ವಿಷಯವನ್ನು ಆತ ಹಿಂದೆ ದುಡಿದ ಕಡೆಯಲ್ಲಿ ವಿಚಾರಿಸಬೇಕು. ಮೊಬೈಲಿನ ಸಂದೇಶಗಳು ತಂದೆತಾಯಿಗಳ ಕಣ್ಣೆದುರಿಗೇ ಹೋಗಲಿ. ಈ ಕಟ್ಟಳೆಗಳು ಪ್ರಾಮಾಣಿಕ ಸ್ವಯಂಸೇವಕನನ್ನೂ ಅಪವಾದದಿಂದ ಕಾಯುತ್ತವೆ.

ಇಷ್ಟಾದರೂ ಮಗುವೊಂದು ತನ್ನ ಸಂಕಟವನ್ನು ಹೇಳಿಕೊಂಡರೆ? ಗಡಿನಾಡಿನ ಸಂಘಗಳಿಗೆ ನಿಜವಾದ ಪರೀಕ್ಷೆ ಇಲ್ಲಿದೆ. “ನಾವಿರುವುದೇ ನಾಲ್ಕು ಮನೆ, ಸಂಘದ ಹೆಸರು ಕೆಟ್ಟರೆ ಕನ್ನಡದ ಗತಿಯೇನು?” ಎಂಬ ಮಾತು ಮೊದಲು ಹೊರಡುತ್ತದೆ. ಆ ಮಾತಿಗೆ ಮಗುವನ್ನು ಬಲಿಗೊಡಬಾರದು. ಪೋಕ್ಸೋ ಎಂದು ಹೆಸರಾದ 2012ರ ಕಾಯಿದೆಯಂತೆ, ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು; ತಿಳಿಸದಿರುವುದೂ ಶಿಕ್ಷಾರ್ಹ ಅಪರಾಧ. ಕಾರ್ಯಕಾರಿ ಮಂಡಳಿಯಲ್ಲಿ ರಾಜಿ ಮಾಡಿ ಮುಗಿಸುವ ಅಧಿಕಾರ ಯಾರಿಗೂ ಇಲ್ಲ. 1098ಕ್ಕೆ ದೂರವಾಣಿ ಮಾಡಿಯೂ ನೆರವು ಪಡೆಯಬಹುದು.

ಠಾಣೆಯ ವ್ಯವಹಾರ ಮರಾಠಿಯಲ್ಲಿ ನಡೆಯುತ್ತದೆಂದು ಮಗು ಅಂಜಬೇಕಾಗಿಲ್ಲ. ಬರೆದುಕೊಂಡ ಭಾಷೆ ಮಗುವಿಗೆ ತಿಳಿಯದಿದ್ದರೆ ದುಭಾಷಿಯನ್ನು ಒದಗಿಸಬೇಕೆಂದು ಅದೇ ಕಾಯಿದೆಯ 19ನೆಯ ಕಲಮು ವಿಧಿಸಿದೆ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿಯೇ ಪಡೆಯಲು ಅವಕಾಶವಿದೆ. ಬರುವ ಅಧಿಕಾರಿ ಸಮವಸ್ತ್ರದಲ್ಲಿರಕೂಡದು. ಮಗುವಿನ ಗುರುತನ್ನು ಬಯಲುಮಾಡಕೂಡದು.

ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಪದ್ಯ ಹೇಳುವುದನ್ನು ಕಲಿಸಿದ್ದೇವೆ. “ನನಗೆ ಹೀಗಾಯಿತು” ಎಂದು ಕನ್ನಡದಲ್ಲಿ ಹೇಳುವ ಧೈರ್ಯವನ್ನೂ ಕಲಿಸೋಣ. ಮೇಲೆ ಹೇಳಿದ ಕಟ್ಟಳೆಗಳನ್ನು ಪ್ರತಿಯೊಂದು ಸಂಘವೂ ಗೊತ್ತುವಳಿಯಾಗಿ ಅಂಗೀಕರಿಸಲೆಂದು ಪ್ರಾರ್ಥಿಸುತ್ತೇನೆ.