ಬೀಗ ನಮ್ಮದು, ಕೀಲಿಕೈಯೂ ನಮ್ಮದಾಗಿರಲಿ
(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ವರದಕ್ಷಿಣೆ ನಿಷೇಧ ಕಾಯಿದೆಯ ಬಗ್ಗೆ ಮಾತಾಡಿ ಎಂದು ನಿಮ್ಮಲ್ಲಿ ಕೆಲವರು ಕೇಳಿದಿರಿ. 1961ರ ಆ ಕಾಯಿದೆಯ ಬಗ್ಗೆ ನಾವು ಎಷ್ಟೋ ಸಭೆಗಳಲ್ಲಿ ಚರ್ಚಿಸಿದ್ದೇವೆ. ಇವತ್ತು ನಾನು ಆರಿಸಿಕೊಂಡಿರುವುದು ಕೇಳಲು ಸಣ್ಣದೆನಿಸುವ ವಿಷಯ. ಹೊಸ ಮೊಬೈಲು ಕೈಗೆ ಬಂದ ದಿನವೇ ನಮ್ಮ ಹಳೆಯ ಖಾತೆ ನಮ್ಮನ್ನು ಒಳಗೆ ಬಿಡದಿದ್ದರೆ ಏನು ಮಾಡಬೇಕು?

ಇದು ಓದಿದವರ, ಪಟ್ಟಣದವರ ತೊಂದರೆ ಎನ್ನಬೇಡಿ. ಸಂಘದ ಉಳಿತಾಯ, ಸಾಲದ ಕಂತು, ಗೃಹಲಕ್ಷ್ಮಿಯ ಹಣ ಬಂತೆಂಬ ಸಂದೇಶ ಎಲ್ಲವೂ ಈಗ ಆ ಮೊಬೈಲಿನಲ್ಲೇ ಇದೆ. ಹಾಗೆಯೇ ತವರಿನಿಂದ ಕೊಟ್ಟ ಚಿನ್ನದ ರಸೀತಿಯ ಫೋಟೋ, ಆಸ್ಪತ್ರೆಯ ಚೀಟಿ, ಹಣ ತಾ ಎಂದು ಪೀಡಿಸಿದ ಸಂದೇಶಗಳೂ ಅಲ್ಲೇ ಇರುತ್ತವೆ. ಹಿಂದೆ ಟ್ರಂಕಿನ ತಳದಲ್ಲಿ ಇಡುತ್ತಿದ್ದುದನ್ನು ಈಗ ನಾವು ಜಿಮೇಲಿನಲ್ಲಿ ಇಡುತ್ತಿದ್ದೇವೆ.

ಎರಡು ಹಂತದ ಪರಿಶೀಲನೆ ಎಂದರೇನು? ಬಾಗಿಲಿಗೆ ಬೀಗವೂ ಇದೆ, ಒಳಗೊಂದು ಅಗುಳಿಯೂ ಇದೆ ಎಂದುಕೊಳ್ಳಿ. ಮೊದಲನೆಯದು ನಿಮಗೆ ಗೊತ್ತಿರುವ ಪಾಸ್‌ವರ್ಡು. ಎರಡನೆಯದು ನಿಮ್ಮ ಕೈಯಲ್ಲಿರುವ ವಸ್ತು, ಅಂದರೆ ಮೊಬೈಲು ಅಥವಾ ಸಿಮ್ಮು. ಪಾಸ್‌ವರ್ಡು ಕದ್ದವನೂ ಒಳಗೆ ಬರಲಾರ. ಇದು ಒಳ್ಳೆಯ ಏರ್ಪಾಡೇ. ಆದರೆ ಆ ವಸ್ತು ಕೈತಪ್ಪಿದರೆ ಮನೆಯೊಡತಿಯೇ ಹೊರಗೆ ನಿಲ್ಲಬೇಕಾಗುತ್ತದೆ.

ಸಂಖ್ಯೆ ಎಸ್ಸೆಮ್ಮೆಸ್ಸಿನಲ್ಲಿ ಬರುವುದಾದರೆ ಅದು ಸಿಮ್ಮಿನ ಹಿಂದೆ ಬರುತ್ತದೆ. ಸಿಮ್ಮನ್ನು ಹೊಸ ಮೊಬೈಲಿಗೆ ಹಾಕಿದರೆ ಸಾಕು. ಅಥೆಂಟಿಕೇಟರ್ ಎಂಬ ಆ್ಯಪಿನ ರೀತಿ ಬೇರೆ. ಮೊಬೈಲಿನೊಳಗೆ ಅಡಗಿಸಿಟ್ಟ ಒಂದು ಗುಟ್ಟು ಮತ್ತು ಗಡಿಯಾರದ ಹೊತ್ತು, ಇವೆರಡನ್ನು ಕೂಡಿಸಿ ಅದು 30 ಸೆಕೆಂಡಿಗೊಮ್ಮೆ ಹೊಸ ಸಂಖ್ಯೆ ತೋರಿಸುತ್ತದೆ. ಸಿಮ್ಮು ಬದಲಿಸಿದರೆ ಆ ಗುಟ್ಟು ಜೊತೆಗೆ ಬರುವುದಿಲ್ಲ. ಹಳೆಯ ಮೊಬೈಲಿನ ಆ್ಯಪಿನಲ್ಲಿ ಚೌಕದ ಕೋಡು ತೆರೆದು, ಹೊಸದರಿಂದ ಸ್ಕ್ಯಾನ್ ಮಾಡಿ ಸಾಗಿಸಬೇಕು. ಗೂಗಲ್ಲಿನ ಆ್ಯಪು 2023ರಿಂದ ಇದನ್ನು ಗೂಗಲ್ ಖಾತೆಯಲ್ಲೂ ಉಳಿಸಬಲ್ಲದು. ಆದರೆ ಆ ಖಾತೆಗೇ ಹೋಗಲಾಗದಿದ್ದರೆ ಅದರಿಂದೇನು ಪ್ರಯೋಜನ? ಆದ್ದರಿಂದ ಹೊಸದರಲ್ಲಿ ಎಲ್ಲ ಖಾತೆಗಳೂ ತೆರೆಯುವತನಕ ಹಳೆಯದನ್ನು ಅಂಗಡಿಗೆ ಕೊಡಬೇಡಿ, ಅಳಿಸಬೇಡಿ.

ಸರಿ, ಬಾಗಿಲು ಮುಚ್ಚಿಯೇ ಹೋಯಿತು. ಈಗೇನು?

ಮೊದಲು, ಗಾಬರಿಯಿಂದ ಮತ್ತೆ ಮತ್ತೆ ಒತ್ತಬೇಡಿ. ‘ಬೇರೆ ವಿಧಾನ ಪ್ರಯತ್ನಿಸಿ’ ಎಂಬುದನ್ನು ಹುಡುಕಿ. ಎಸ್ಸೆಮ್ಮೆಸ್ ಬರಬಹುದು. ನಿಮ್ಮ ಖಾತೆ ತೆರೆದೇ ಇರುವ ಇನ್ನೊಂದು ಮೊಬೈಲಿದ್ದರೆ, ‘ಇದು ನೀವೇನಾ’ ಎಂಬ ಪ್ರಶ್ನೆ ಅಲ್ಲಿಗೆ ಹೋಗಬಹುದು. ಮೊದಲೇ ಬರೆದಿಟ್ಟ ಬ್ಯಾಕಪ್ ಕೋಡು ಇದ್ದರೆ ಕೆಲಸ ಸುಲಭ. ಗೂಗಲ್ ಒಮ್ಮೆಗೆ 10 ಕೋಡು ಕೊಡುತ್ತದೆ, ಒಂದೊಂದಕ್ಕೆ 8 ಅಂಕಿ. ಒಂದು ಕೋಡನ್ನು ಒಂದೇ ಸಲ ಬಳಸಬಹುದು.

ಯಾವುದೂ ಇಲ್ಲದಿದ್ದರೆ, ಖಾತೆಯನ್ನು ಮರಳಿ ಪಡೆಯುವ ಅರ್ಜಿ ಹಾಕಬೇಕು. ಇದನ್ನು ನೀವು ಹಿಂದೆ ಬಳಸುತ್ತಿದ್ದ ಮೊಬೈಲು ಅಥವಾ ಕಂಪ್ಯೂಟರಿನಿಂದ, ಸಾಮಾನ್ಯವಾಗಿ ಕೂರುತ್ತಿದ್ದ ಜಾಗದಿಂದಲೇ ಮಾಡಿ. ಗುರುತು ಹಿಡಿಯಲು ಅವರಿಗೂ ಅದೇ ಆಧಾರ. ಉತ್ತರಕ್ಕೆ ಕೆಲವು ದಿನ ಕಾಯಬೇಕಾಗಬಹುದು. ವಾಟ್ಸಾಪಿನ 6 ಅಂಕಿಯ ಪಿನ್ ಮರೆತು, ಇ-ಮೇಲನ್ನೂ ಕೊಟ್ಟಿಲ್ಲದಿದ್ದರೆ 7 ದಿನ ಕಾಯಬೇಕು. ಕಾಯುವುದು ನಮಗೇನು ಹೊಸದಲ್ಲ.

ಬ್ಯಾಂಕಿನ ಮಾತು ಬೇರೆ. ಆ್ಯಪು ಮುಚ್ಚಿದರೆ ಹಣ ಮುಳುಗುವುದಿಲ್ಲ. ಪಾಸ್‌ಬುಕ್ಕು, ಗುರುತಿನ ಚೀಟಿ ಹಿಡಿದು ಶಾಖೆಗೇ ಹೋಗಿ, ನಂಬರು ಬದಲಿಸಲು ಅರ್ಜಿ ಕೊಡಿ. ಸಿಮ್ಮು ಕಳೆದಿದ್ದರೆ ಕಂಪನಿಯ ಅಂಗಡಿಯಲ್ಲಿ ಅದೇ ನಂಬರಿನ ಹೊಸ ಸಿಮ್ಮು ಸಿಗುತ್ತದೆ. ಮೊದಲ 24 ಗಂಟೆ ಎಸ್ಸೆಮ್ಮೆಸ್ ನಡೆಯುವುದಿಲ್ಲ. ಅದು ಕಳ್ಳರಿಂದ ನಮ್ಮನ್ನು ಕಾಯಲು ಮಾಡಿದ ನಿಯಮ.

ಇಂಥ ಹೊತ್ತಿನಲ್ಲೇ ಮೋಸಗಾರರು ಕಾದಿರುತ್ತಾರೆ. ‘ನಾನು ಖಾತೆ ತೆರೆಸಿಕೊಡುತ್ತೇನಮ್ಮಾ, ಒಟಿಪಿ ಹೇಳಿ’ ಎನ್ನುವವನಿಗೆ ಒಂದಂಕಿಯನ್ನೂ ಹೇಳಬೇಡಿ. ಅಂತರ್ಜಾಲದಲ್ಲಿ ಕಂಡ ಯಾವುದೋ ‘ಕಸ್ಟಮರ್ ಕೇರ್’ ನಂಬರಿಗೆ ಕರೆ ಮಾಡಬೇಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಈಗ ನನಗೆ ಮುಖ್ಯವಾದ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಸಿಮ್ಮು ಯಾರ ಹೆಸರಿನಲ್ಲಿದೆ?

ನನಗೆ ಪರಿಚಯದ ಒಬ್ಬ ಹೆಣ್ಣುಮಗಳ ಗಂಡ ಜಗಳದಲ್ಲಿ ಅವಳ ಮೊಬೈಲು ಒಡೆದು ಹಾಕಿದ. ತವರಿಗೆ ಬಂದವಳು ಹೊಸದು ಕೊಂಡಳು. ಆದರೆ ಸಿಮ್ಮು ಅವನ ಹೆಸರಿನದು, ಅವನು ಬರೆದುಕೊಡದೆ ಸಿಗುವುದಿಲ್ಲ. ಪಾಸ್‌ವರ್ಡು ಅವಳಿಗೆ ಗೊತ್ತು, ಒಟಿಪಿ ಹೋಗುವುದು ಅವನ ನಂಬರಿಗೆ. ಅವಳ ಸಾಕ್ಷ್ಯವೆಲ್ಲ ಆ ಖಾತೆಯಲ್ಲಿ! ಪುಣ್ಯಕ್ಕೆ ತಂಗಿಯ ಮೊಬೈಲಿನಲ್ಲಿ ಅವಳ ಖಾತೆ ತೆರೆದೇ ಇತ್ತು. ಅಲ್ಲಿಂದ ‘ಹೌದು, ನಾನೇ’ ಎಂದು ಒತ್ತಿ ಒಳಹೋದಳು. ಅದೇ ಗಳಿಗೆಯಲ್ಲಿ ನಂಬರು ಬದಲಿಸಿದಳು, ಪಾಸ್‌ವರ್ಡು ಬದಲಿಸಿದಳು, ಗೊತ್ತಿಲ್ಲದ ಸಾಧನಗಳಿಂದ ಖಾತೆಯನ್ನು ಹೊರತೆಗೆದಳು.

ತಂಗಿಯ ಮೊಬೈಲು ಇಲ್ಲದಿದ್ದರೆ? ಪ್ರತಿ ಹೆಣ್ಣೂ ಅದೃಷ್ಟವನ್ನು ನೆಚ್ಚಿ ಕೂರಬೇಕೆ? 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ ಆರ್ಥಿಕ ದೌರ್ಜನ್ಯವನ್ನೂ ದೌರ್ಜನ್ಯವೆಂದೇ ಎಣಿಸುತ್ತದೆ. ಹೆಂಡತಿಗೆ ಹಕ್ಕಿರುವ ಸಂಪನ್ಮೂಲ ಅವಳ ಕೈಗೆ ಸಿಗದಂತೆ ತಡೆಯುವುದೂ ಅದರಲ್ಲಿ ಸೇರಿದೆ. ಸಿಮ್ಮು ಎಂಬ ಶಬ್ದ ಕಾಯಿದೆಯಲ್ಲಿಲ್ಲ. ಆದರೆ ಸಿಮ್ಮನ್ನು ಹಿಡಿದಿಟ್ಟು ಅವಳ ಹಣವನ್ನು ಹಿಡಿದಿಟ್ಟರೆ ಅದನ್ನು ಸಂರಕ್ಷಣಾಧಿಕಾರಿಯ ಮುಂದೆ ಹೇಳಲೇಬೇಕು. 181 ಮಹಿಳಾ ಸಹಾಯವಾಣಿಯೂ ಇದೆ.

ಮುಂದಿನ ವಾರದ ಸಂಘದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಅರ್ಧ ಗಂಟೆ ಇದಕ್ಕೆ ಕೊಡಿ. ನಿಮ್ಮ ಹೆಸರಿನಲ್ಲೇ ಸಿಮ್ಮು ಮಾಡಿಸಿಕೊಳ್ಳಿ. ಆಧಾರಿಗೆ, ಬ್ಯಾಂಕಿಗೆ ಆ ನಂಬರನ್ನೇ ಕೊಡಿ. ರೀಚಾರ್ಜು ತಪ್ಪಿಸಬೇಡಿ, ಬಹುಕಾಲ ಬಿಟ್ಟ ನಂಬರು ಬೇರೆಯವರ ಪಾಲಾಗುತ್ತದೆ. ಜಿಮೇಲಿನ ಹತ್ತು ಕೋಡುಗಳನ್ನು ಕಾಗದದಲ್ಲಿ ಬರೆದು, ಮೊಬೈಲಿನ ಕವರಿನಲ್ಲಲ್ಲ, ನಿಮಗೆ ನಂಬಿಕೆಯಿರುವ ಕಡೆ ಇಡಿ. ತವರಾಗಬಹುದು, ಗೆಳತಿಯ ಮನೆಯಾಗಬಹುದು. ಗೊತ್ತಿದ್ದವರು ಗೊತ್ತಿಲ್ಲದವರಿಗೆ ಕಲಿಸಿ. ಆದರೆ ಕಲಿಸುವಾಗ ಅವರ ಬೆರಳೇ ಒತ್ತಲಿ, ನಿಮ್ಮ ಬೆರಳಲ್ಲ.