ನೀಲಿ ಸೀಮೆಎಣ್ಣೆಯ ಲೆಕ್ಕ

(ದೆಹಲಿ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



'ಇಂಧನ ಸಹಾಯಧನ ಮತ್ತು ಪರಿಸರ' ಎಂಬ ವಿಷಯವನ್ನು ಕಾರ್ಯದರ್ಶಿಗಳು ಒಪ್ಪಿಸಿದಾಗ ನಾನು ಒಂದು ಷರತ್ತು ಹಾಕಿದೆ. ಮೂರು ದಶಕಗಳಿಂದ ಕೇಂದ್ರ ಸರ್ಕಾರದ ಸೇವೆಯಲ್ಲಿರುವವನು ನಾನು. ಇಲ್ಲಿ ಆಡುವ ಮಾತು ಮಾತ್ರ ಇಲಾಖೆಯದಲ್ಲ, ನನ್ನದು. ವಿಷಯದ ಹರವು ದೊಡ್ಡದು. ಕಲ್ಲಿದ್ದಲು, ಅನಿಲ, ವಿದ್ಯುತ್ತು ಎಲ್ಲವನ್ನೂ ಎತ್ತಿಕೊಂಡರೆ ನಿಮ್ಮ ಊಟ ತಣ್ಣಗಾಗುತ್ತದೆ. ಆದ್ದರಿಂದ ನಮಗೆಲ್ಲ ವಾಸನೆಯಿಂದಲೇ ಗುರುತು ಸಿಗುವ ಸೀಮೆಎಣ್ಣೆಯನ್ನು ಹಿಡಿದುಕೊಳ್ಳುತ್ತೇನೆ.

ಹಾಸನ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ ನಾನು ಓದಿದ್ದು ಲಾಟೀನಿನ ಬೆಳಕಿನಲ್ಲಿ. ಸೊಸೈಟಿಗೆ ಎಣ್ಣೆ ಬಂದಿದೆಯೆಂಬ ಸುದ್ದಿ ಕಿವಿಗೆ ಬಿದ್ದೊಡನೆ ರೇಷನ್ ಕಾರ್ಡು, ಡಬ್ಬ ಹಿಡಿದು ಓಡುವುದು ನನ್ನ ಪಾಲಿನ ಕೆಲಸವಾಗಿತ್ತು. ಸಂಜೆ ಅಜ್ಜಿ ಲಾಟೀನಿನ ಗಾಜಿಗೆ ಕಟ್ಟಿದ ಮಸಿಯನ್ನು ಬೂದಿಯಿಂದ ಉಜ್ಜಿ ತೆಗೆಯುತ್ತಿದ್ದರು. ಅಡಿಗೆಮನೆಯ ಬುಡ್ಡಿಗಂತೂ ಗಾಜೇ ಇರಲಿಲ್ಲ. ಅದರ ಮಸಿ ಗೋಡೆಗೆ, ಜಂತೆಗೆ, ನಮ್ಮ ಮೂಗಿಗೆ. ಇಂಥ ಬತ್ತಿದೀಪದಲ್ಲಿ ಉರಿದ ಸೀಮೆಎಣ್ಣೆಯ ಶೇಕಡ 7ರಿಂದ 9ರಷ್ಟು ಭಾಗ ಕಪ್ಪು ಇಂಗಾಲವಾಗಿ ಗಾಳಿಗೆ ಸೇರುತ್ತದೆಂದು 2012ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಳೆದು ತೋರಿಸಿತು. ಅದನ್ನು ಓದಿದ ದಿನ ನನಗೆ ಅಜ್ಜಿಯ ಕೆಮ್ಮು ನೆನಪಾಯಿತು.

ಹಾಗೆಂದು ಆ ಎಣ್ಣೆಯನ್ನು ಅಗ್ಗವಾಗಿ ಕೊಟ್ಟದ್ದೇ ತಪ್ಪೆಂದು ನಾನು ಹೇಳಲಾರೆ. 2001ರ ಜನಗಣತಿಯ ವೇಳೆಗೂ ದೇಶದ ನೂರು ಮನೆಗಳಲ್ಲಿ ಸುಮಾರು 43 ಮನೆಗಳಿಗೆ ಸೀಮೆಎಣ್ಣೆಯೇ ಬೆಳಕು. ತಪ್ಪಾದದ್ದು ಬೇರೆ ಕಡೆ. ಹೆಚ್ಚುಕಡಿಮೆ ಒಂದೇ ಬಗೆಯ ಎರಡು ಎಣ್ಣೆಗಳಿಗೆ ನಾವು ಎರಡು ಬೆಲೆ ಕಟ್ಟಿದೆವು. 2010ರ ಜೂನ್ ತಿಂಗಳಲ್ಲಿ ದರ ಏರಿಸುವವರೆಗೆ ಪಡಿತರ ಸೀಮೆಎಣ್ಣೆ ದೆಹಲಿಯಲ್ಲಿ ಲೀಟರಿಗೆ 9 ರೂಪಾಯಿ ಚಿಲ್ಲರೆ. ಅದೇ ಹೊತ್ತಿಗೆ ಡೀಸೆಲ್ ಸುಮಾರು 40 ರೂಪಾಯಿ. ಡೀಸೆಲಿನೊಳಗೆ ಸೀಮೆಎಣ್ಣೆ ಹಾಲಿನೊಳಗೆ ನೀರು ಬೆರೆತಂತೆ ಬೆರೆಯುತ್ತದೆ, ಬರಿಗಣ್ಣಿಗೆ ತಿಳಿಯುವುದಿಲ್ಲ. ಒಂದು ಲೀಟರಿಗೆ 30 ರೂಪಾಯಿ ಲಾಭವನ್ನು ಕಣ್ಣೆದುರಿಗಿಟ್ಟು, ಬೆರೆಸಬೇಡಿರೆಂದು ವ್ಯಾಪಾರಿಗಳಿಗೆ ಉಪದೇಶ ಮಾಡಿದೆವು. ಮಾನಸಗಂಗೋತ್ರಿಯಲ್ಲಿ ಅರ್ಥಶಾಸ್ತ್ರ ಓದಿದ ನನಗೆ ಇದರಲ್ಲಿ ಆಶ್ಚರ್ಯಪಡುವಂಥದು ಏನೂ ಕಾಣುವುದಿಲ್ಲ. ಪಡಿತರ ಸೀಮೆಎಣ್ಣೆಯ ಶೇಕಡ 38ಕ್ಕೂ ಹೆಚ್ಚು ಪಾಲು ದಾರಿ ತಪ್ಪುತ್ತಿದೆಯೆಂದು 2005ರಲ್ಲಿ ಎನ್.ಸಿ.ಎ.ಇ.ಆರ್. ಸಂಸ್ಥೆ ಅಂದಾಜು ಮಾಡಿತು.

ಕಳ್ಳತನ ಗೊತ್ತಾಗಲೆಂದು ಪಡಿತರದ ಎಣ್ಣೆಗೆ ನೀಲಿ ಬಣ್ಣ ಹಾಕಿದರು. ಬೆರೆಸುವವರು ಬಣ್ಣ ತೆಗೆಯುವುದನ್ನು ಕಲಿತರು. 2006ರಲ್ಲಿ ಕಣ್ಣಿಗೆ ಕಾಣದ ಗುರುತು ರಾಸಾಯನಿಕವನ್ನು ಸೇರಿಸಿದರು. ಕೆಲವೇ ವರ್ಷಗಳಲ್ಲಿ ಅದನ್ನೂ ಕೈಬಿಟ್ಟರು. ಇದರ ನಡುವೆ ಗಾಳಿಯ ಪಾಡೇನಾಯಿತು ನೋಡಿ. 2010ರ ಏಪ್ರಿಲಿನಿಂದ ದೆಹಲಿಯೂ ಸೇರಿ ದೊಡ್ಡ ನಗರಗಳಿಗೆ ಗಂಧಕದ ಅಂಶ ಹತ್ತು ಲಕ್ಷಕ್ಕೆ 50 ಭಾಗ ಮೀರದ ಡೀಸೆಲ್ ಬಂತು. ಅದಕ್ಕಾಗಿ ತೈಲ ಶುದ್ಧೀಕರಣ ಕಾರ್ಖಾನೆಗಳಿಗೆ ಅಪಾರ ಹಣ ಸುರಿದಿದ್ದೆವು. ಸೀಮೆಎಣ್ಣೆಯಲ್ಲಾದರೋ ಹತ್ತು ಲಕ್ಷಕ್ಕೆ 2500 ಭಾಗದವರೆಗೆ ಗಂಧಕಕ್ಕೆ ಅವಕಾಶವಿತ್ತು. ಒಂದು ಕೈಯಿಂದ ಸೋಸಿ ತೆಗೆದದ್ದನ್ನು ಇನ್ನೊಂದು ಕೈಯಿಂದ, ಅದೂ ಸರ್ಕಾರದ ಖರ್ಚಿನಲ್ಲೇ, ಲಾರಿಯ ಟ್ಯಾಂಕಿಗೆ ಮರಳಿ ಸುರಿದಂತಾಯಿತು.

ಇಷ್ಟಕ್ಕೇ ನಿಂತಿದ್ದರೆ ಇದು ಅಂಕಿಸಂಖ್ಯೆಯ ಮಾತಾಗಿ ಉಳಿಯುತ್ತಿತ್ತು. ಷಣ್ಮುಗಂ ಮಂಜುನಾಥ್ ಅವರ ಹೆಸರು ನಿಮ್ಮಲ್ಲಿ ಅನೇಕರಿಗೆ ನೆನಪಿರಬೇಕು. ಕೋಲಾರ ಜಿಲ್ಲೆಯ ಹುಡುಗ. ಮೈಸೂರಿನಲ್ಲಿ ಎಂಜಿನಿಯರಿಂಗ್, ಲಖನೌದಲ್ಲಿ ಮ್ಯಾನೇಜ್‌ಮೆಂಟ್ ಓದಿ ಇಂಡಿಯನ್ ಆಯಿಲ್‌ನಲ್ಲಿ ಮಾರಾಟಾಧಿಕಾರಿಯಾದವರು. ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯಲ್ಲಿ ಕಲಬೆರಕೆ ಮಾಡುತ್ತಿದ್ದ ಬಂಕಿಗೆ ಬೀಗಮುದ್ರೆ ಹಾಕಿಸಿದ್ದರು. ಅದು ಮತ್ತೆ ತೆರೆದಾಗ ತಪಾಸಣೆಗೆ ಹೋದರು. 2005ರ ನವೆಂಬರ್ 19ರಂದು ಅವರನ್ನು ಗುಂಡಿಟ್ಟು ಕೊಂದರು. ವಯಸ್ಸು 27. ಆಗ ನನ್ನ ಸೇವೆಗೆ ಹತ್ತು ವರ್ಷವೂ ತುಂಬಿರಲಿಲ್ಲ. ಆ ವಾರ ನನ್ನ ಮೇಜಿನ ಮೇಲಿದ್ದ ಕಡತಗಳಿಗೆ ಸಹಿ ಹಾಕುವಾಗ, ಸಹಿಗೆ ಇಂಥ ಬೆಲೆಯೂ ಇರಬಹುದೆಂದು ಮೊದಲ ಬಾರಿ ತೋಚಿತು.

ಇನ್ನೊಂದು ಊರಿನ ಹೆಸರು ಹೇಳುತ್ತೇನೆ: ಮನ್ಮಾಡ್. ಊರಿಗೆ ಹೋಗುವಾಗ ಕರ್ನಾಟಕ ಎಕ್ಸ್‌ಪ್ರೆಸ್ ಆ ದಾರಿಯಲ್ಲೇ ಸಾಗುತ್ತದೆ. ನಮ್ಮ ಮಕ್ಕಳು ಅಲ್ಲಿ ತಿಂಡಿಗಾಗಿ ಹಟ ಹಿಡಿದಿದ್ದಾರೆ. ಅಲ್ಲಿನ ತೈಲ ಡಿಪೋಗಳಿಂದ ಟ್ಯಾಂಕರುಗಳು ಹೊರಡುತ್ತವೆ. 2011ರ ಜನವರಿ 25ರಂದು ಮಾಲೆಗಾಂವಿನ ಅಪರ ಜಿಲ್ಲಾಧಿಕಾರಿ ಯಶವಂತ ಸೋನವಣೆ ಅವರು ಊರಿನ ಸಮೀಪ ರಸ್ತೆಬದಿಯಲ್ಲಿ ತೈಲ ಕದಿಯುವುದನ್ನು ಕಂಡು ತಡೆಯಲು ಇಳಿದರು. ಹಾಡುಹಗಲೇ ಅವರಿಗೆ ಬೆಂಕಿ ಹಚ್ಚಲಾಯಿತು. ಮರುದಿನ ಗಣರಾಜ್ಯೋತ್ಸವ.

ನಾನೇನು ಬಹಳ ಶುದ್ಧನೆಂದು ಭಾವಿಸಬೇಡಿ. 2012ರ ಮೇ ತಿಂಗಳಲ್ಲಿ ಇಲ್ಲಿ ಪೆಟ್ರೋಲ್ 73 ರೂಪಾಯಿ, ಡೀಸೆಲ್ 41. ಆ ವರ್ಷವೇ ನಾನು ಡೀಸೆಲ್ ಕಾರು ಕೊಂಡೆ. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಘೋಷಿಸಿದ್ದೂ ಅದೇ ಜೂನ್‌ನಲ್ಲಿ. ಪತ್ರಿಕೆಯಲ್ಲಿ ಓದಿದೆ, ಕಾರನ್ನು ಬಿಡಲಿಲ್ಲ. 2012-13ರಲ್ಲಿ ತೈಲ ಕಂಪನಿಗಳ 'ಅಂಡರ್ ರಿಕವರಿ', ಅಂದರೆ ಗ್ರಾಹಕನಿಂದ ವಸೂಲಾಗದ ಬಾಕಿ, ಸುಮಾರು 1,61,000 ಕೋಟಿ ರೂಪಾಯಿ. ಅದರಲ್ಲಿ ಡೀಸೆಲಿನದೇ 92,000 ಕೋಟಿ. ರೈತನ ಪಂಪಿನ ಹೆಸರಿನಲ್ಲಿ ಬಂದ ಆ ಹಣದ ಒಂದು ಚೂರು ನನ್ನ ಟ್ಯಾಂಕಿಗೂ ಬಿತ್ತು. ಆ ಲೆಕ್ಕದ ಹಾಳೆಯಲ್ಲಿ ಗಾಳಿಗೆ ಮಾತ್ರ ಕಾಲಂ ಇರಲಿಲ್ಲ.

2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆಯ ನಿಯಂತ್ರಣ ಹೋಯಿತು. 2016ರ ಜುಲೈಯಿಂದ ಸೀಮೆಎಣ್ಣೆಯ ಬೆಲೆಯನ್ನು ಸ್ವಲ್ಪಸ್ವಲ್ಪವಾಗಿ, ಪೈಸೆಗಳ ಲೆಕ್ಕದಲ್ಲಿ ಏರಿಸುತ್ತ ಬಂದರು. 2020ರ ಹೊತ್ತಿಗೆ ಸಹಾಯಧನವೇ ಇಲ್ಲವಾಯಿತು. ಗದ್ದಲವಾಗಲಿಲ್ಲ. ವಿದ್ಯುತ್ತು, ಅಡಿಗೆ ಅನಿಲ ಅಷ್ಟರಲ್ಲಿ ಹಳ್ಳಿಗಳನ್ನು ತಲುಪಿದ್ದವು.

ಅನಿಲವೂ ಭೂಗರ್ಭದ ಇಂಧನವೇ ಅಲ್ಲವೇ, ಅದಕ್ಕೇಕೆ ಸಹಾಯ ಎಂದು ಕೇಳುವ ಗೆಳೆಯರಿದ್ದಾರೆ. ಅವರೊಂದಿಗೆ ನನಗೆ ಒಪ್ಪಿಗೆಯಿಲ್ಲ. ಸೌದೆಯ ಹೊಗೆಯಲ್ಲಿ ಕುಳಿತ ಹೆಂಗಸಿಗೆ ಸಿಲಿಂಡರ್ ಐಷಾರಾಮವಲ್ಲ. ಇಲ್ಲಿ ಅಂಗಡಿಯ ಬೆಲೆಯನ್ನು ಇಳಿಸದೆ ಹಣವನ್ನು ನೇರ ಆಕೆಯ ಬ್ಯಾಂಕ್ ಖಾತೆಗೆ ಹಾಕುತ್ತಾರೆ. ಎರಡು ಬೆಲೆಯಿಲ್ಲದ ಕಡೆ ಕದಿಯುವವನಿಗೆ ಹೆಚ್ಚು ಕೆಲಸವಿಲ್ಲ. ಉಜ್ವಲಾ ಫಲಾನುಭವಿಗಳಿಗೆ 2022ರ ಮೇ ತಿಂಗಳಿಂದ ಸಿಲಿಂಡರಿಗೆ 200 ರೂಪಾಯಿ, 2023ರ ಅಕ್ಟೋಬರಿನಿಂದ 300 ರೂಪಾಯಿ ಕೊಡತೊಡಗಿದರು. ಅದು ಸಾಕೇ? ನಮ್ಮ ಮನೆಗೆಲಸಕ್ಕೆ ಬರುವ ಬಿಹಾರದ ಹೆಣ್ಣುಮಗಳನ್ನು ಕೇಳಿದೆ. ಊರಿನಲ್ಲಿ ಅತ್ತೆಯ ಹೆಸರಿಗೆ ಸಿಲಿಂಡರ್ ಇದೆಯಂತೆ. ಚಹಾಕ್ಕೆ, ನೆಂಟರು ಬಂದಾಗ ಅದನ್ನು ಹಚ್ಚುತ್ತಾರೆ. ದಿನದ ರೊಟ್ಟಿ ಇನ್ನೂ ಬೆರಣಿಯ ಒಲೆಯ ಮೇಲೆಯೇ.

ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಿದ್ದಾರೆ. ಉಳಿದ ಮಾತನ್ನು ಊಟದ ಪಂಕ್ತಿಯಲ್ಲಿ ಮುಂದುವರಿಸೋಣ.